ಟ್ರಿನಿಡಾಡಿನಲ್ಲಿ ನಮ್ಮ ಮಂದಿ

ರಜೆ ಎಂದರೇನು ಎಂಬುದು ನನಗೆ ಗೊತ್ತಿದೆ ಎಂದೇ ನಾನು ಬಹಳ ಕಾಲ ನಂಬಿದ್ದೆ. ಊರಿಗೆ ಹೋಗುವುದು, ಚಾಕಲೇಟಿನ ಪೊಟ್ಟಣ ಹಂಚುವುದು, ಧಾರವಾಡದಲ್ಲಿ ಅತ್ತೆಯ ಮನೆ, ಹುಬ್ಬಳ್ಳಿಯಲ್ಲಿ ಸೋದರಮಾವನ ಮನೆ, ಗದಗಿನಲ್ಲಿ ಬೇಡವೆಂದರೂ ಬಿಡದ ಇನ್ನೊಬ್ಬರ ಮನೆ. ಕೊನೆಗೆ ಹೊಟ್ಟೆ ಕೆಡಿಸಿಕೊಂಡು ವಾಪಸಾಗುವುದು. ಇದು ರಜೆಯಲ್ಲ, ನೆಂಟರ ಮನೆಗಳ ತಪಾಸಣೆ ಎಂದು ನನಗೆ ತಿಳಿಸಿದವನು ಯೂರ್ಗನ್. ಆಗ ನಾನು ಗ್ರೀನ್ ಕಾರ್ಡಿನ ಮೇಲೆ ಜರ್ಮನಿಗೆ ಬಂದ ಹೊಸದು. ಅದಕ್ಕೆ ಗ್ರೀನ್ ಕಾರ್ಡ್ ಎಂಬ ಹೆಸರಿತ್ತೇ ಹೊರತು ಅದು ಹಸಿರೂ ಅಲ್ಲ, ಕಾರ್ಡೂ ಅಲ್ಲ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಒಂದು ಚೀಟಿ, ಐದು ವರ್ಷದ ಗಡುವು. ಹೈಡೆಲ್‌ಬರ್ಗಿನಲ್ಲಿ ಮನೆ, ವಾಲ್‌ಡಾರ್ಫಿನಲ್ಲಿ ಆಫೀಸು, ಆಫೀಸಿನಲ್ಲಿ ಪಕ್ಕದ ಮೇಜು ಯೂರ್ಗನ್‌ನದು. ಹೊಸ ವರ್ಷದ ಅಮಲು ಇಳಿಯುವ ಮೊದಲೇ ಬೇಸಿಗೆಯ ಉರ್ಲೌಬ್, ಅಂದರೆ ರಜೆ, ಎಲ್ಲಿ ಎಂದು ಅವನು ಎಲ್ಲರನ್ನೂ ವಿಚಾರಿಸುತ್ತಿದ್ದ. ಊರಿಗೆ ಎಂದೆ. ತಾಯಿಯ ಮನೆಗೆ ಹೋಗುವುದು ಉರ್ಲೌಬ್ ಅಲ್ಲ, ಅದು ಕರ್ತವ್ಯ ಎಂದು ಕನಿಕರದಿಂದ ನೋಡಿದ. ಆ ಕನಿಕರ ನನಗೆ ಚುಚ್ಚಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: ಈ ಸಲ ಕೆರಿಬಿಯನ್, ಟ್ರಿನಿಡಾಡ್.

ಟ್ರಿನಿಡಾಡೇ ಯಾಕೆ ಬಾಯಿಗೆ ಬಂತು ಎಂದರೆ, ಕೆರಿಬಿಯನ್ನಿನಲ್ಲಿ ನನಗೆ ಗೊತ್ತಿದ್ದ ಊರುಗಳೆಲ್ಲ ರೇಡಿಯೊದ ಕ್ರಿಕೆಟ್ ಕಾಮೆಂಟರಿಯಿಂದ ಬಂದವು. ನಮ್ಮ ಬ್ಯಾಟ್ಸ್‌ಮನ್ನರು ಪೆಟ್ಟು ತಿಂದ ಊರುಗಳ ಹೆಸರು ಮರೆಯುವುದಿಲ್ಲ. ಹೇಳಿದ ಮೇಲೆ ಮಾತು ಉಳಿಸಿಕೊಳ್ಳಬೇಕಲ್ಲ, ಪ್ರವಾಸದ ಅಂಗಡಿಯಿಂದ ಒಂದು ಬಣ್ಣದ ಪುಸ್ತಕ ತಂದೆ. ಆ ದ್ವೀಪದಲ್ಲಿ ಆಫ್ರಿಕದವರು, ಚೀನದವರು, ಸಿರಿಯದವರು, ಭಾರತದಿಂದ ಕಬ್ಬಿನ ಗದ್ದೆಗೆ ಹೋದವರ ಮೊಮ್ಮಕ್ಕಳು ಎಲ್ಲರೂ ಇದ್ದಾರೆ ಎಂದು ಅದರಲ್ಲಿತ್ತು. ಆ ಕೂಲಿಗಳನ್ನೂ ಐದು ವರ್ಷದ ಕರಾರಿನ ಮೇಲೆಯೇ ಒಯ್ದಿದ್ದರಂತೆ. ಇದನ್ನು ಯೂರ್ಗನ್‌ಗೆ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಅಷ್ಟು ನಗಲಿಲ್ಲ. ಉಳಿದಂತೆ ತೆಂಗಿನಮರ, ಮಾವಿನಹಣ್ಣು, ಸೆಕೆ, ಸೊಳ್ಳೆ. ಯಾವುದರಿಂದ ತಪ್ಪಿಸಿಕೊಂಡು ನಾವು ಇಷ್ಟು ದೂರ ಬಂದೆವೋ ಅದನ್ನೇ ನೋಡಲು ಜರ್ಮನರು ವರ್ಷವಿಡೀ ದುಡ್ಡು ಕೂಡಿಡುತ್ತಾರೆ.

ನನ್ನ ಹೆಂಡತಿ ಸುಮಂಗಲಾ ಇದೆಲ್ಲ ಓದಲಿಲ್ಲ. ಅವಳು ಒಂದೇ ಚಿತ್ರವನ್ನು ನೋಡುತ್ತ ಕೂತಳು. ಮರದ ನೆರಳಲ್ಲಿ ಒಂದು ಕುರ್ಚಿ, ಅದರಲ್ಲಿ ಕಾಲು ಚಾಚಿದ ಒಬ್ಬ ಹೆಂಗಸು.

“ಈಕಿ ಕೈಯಾಗ ಏನೂ ಇಲ್ಲ ನೋಡ್ರಿ. ಸೌಟಿಲ್ಲ, ಲಟ್ಟಣಗಿಲ್ಲ, ಕೂಸು ಸುದ್ದಾ ಇಲ್ಲ. ನಾನೂ ಹಿಂಗ ಒಂದೆಂಟು ದಿನ ಕೂಡಬೇಕರೀ” ಎಂದಳು.

ಮದುವೆಯಾದಾಗಿನಿಂದ ಅವಳ ರಜೆಯೆಲ್ಲ ಯಾರದೋ ಅಡುಗೆಮನೆಯಲ್ಲೇ ಕಳೆದಿತ್ತು ಎಂಬುದು ಆಗ ಹೊಳೆಯಿತು. ಮರುದಿನವೇ ಸಮುದ್ರದಂಡೆಯ ಹೋಟೆಲಿನಲ್ಲಿ ಕೋಣೆ ಹಿಡಿಸಿದೆ. ಮಗಳಿಗೆ ಹೇಳಿದಾಗ, ಅಲ್ಲಿ ಅಜ್ಜಿ ಇದ್ದಾಳಾ ಎಂದು ಜರ್ಮನಿನಲ್ಲಿ ಕೇಳಿದಳು. ಇಲ್ಲ ಎಂದೆ. ಹಾಗಾದರೆ ನಾವು ಯಾಕೆ ಹೋಗುವುದು ಎಂದಳು. ರಕ್ತದಲ್ಲಿ ಬಂದದ್ದು ಕಿಂಡರ್‌ಗಾರ್ಟನ್‌ನಿಂದ ಹೋಗುವುದಿಲ್ಲ.

ಇಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಆದರೆ ನಮ್ಮ ಕಡೆಯವರಿಗೆ ಒಂದು ಜಾಡ್ಯವಿದೆ. ಚಂದ್ರನ ಮೇಲೆ ಇಳಿಸಿದರೂ ನಾವು ಮೊದಲು ಕೇಳುವುದು, ಇಲ್ಲಿ ನಮ್ಮ ಮಂದಿ ಯಾರರೆ ಅದಾರೇನು ಎಂದೇ. ಒಂದು ಭಾನುವಾರ ಮನ್‌ಹೈಮಿನ ಡಾಕ್ಟರ್ ಪಾಟೀಲರ ಮನೆಗೆ ಊಟಕ್ಕೆ ಹೋದಾಗ ನಾನೂ ಕೇಳಿಬಿಟ್ಟೆ. ಡಾಕ್ಟರು ವಿಜಾಪುರದ ಕಡೆಯವರು, ಜರ್ಮನಿಯಲ್ಲಿ ತಲೆ ನರೆಸಿಕೊಂಡವರು. ಆ ದ್ವೀಪದಲ್ಲಿ ಅರ್ಧದ ಹತ್ತಿರ ಜನ ಭಾರತದ ಮೂಲದವರಂತೆ ಎಂದೆ. ಅವರು ತಲೆಯಾಡಿಸಿ, ಅವರು ಮಂದಿ, ನಮ್ಮ ಮಂದಿ ಅಲ್ಲ ಎಂದರು. ನಮ್ಮ ಮಂದಿ ಎಂಬ ಈ ಜರಡಿ ಬಹಳ ಸಣ್ಣ ಕಣ್ಣಿನದು. ಭಾರತದವರು ಸಾಲದು, ಕನ್ನಡದವರಾಗಬೇಕು; ಕನ್ನಡದವರು ಸಾಲದು, ತುಂಗಭದ್ರೆಯ ಈಚಿನವರಾಗಬೇಕು; ಆಮೇಲೆ ಜೋಳದ ರೊಟ್ಟಿ ತಿನ್ನುವವರಾಗಬೇಕು; ಕೊನೆಗೆ ಮೆಲ್ಲಗೆ ಅಡ್ಡಹೆಸರು ಕೇಳಿ, ಅದೂ ಹೊಂದಿದರೆ ಮಾತ್ರ ಜರಡಿಯ ಕೆಳಗೆ ಹಿಟ್ಟು ಬೀಳುತ್ತದೆ. ಆಶ್ಚರ್ಯವೆಂದರೆ ಡಾಕ್ಟರ ಜರಡಿಯಲ್ಲಿ ಟ್ರಿನಿಡಾಡಿನ ಒಬ್ಬ ಇಳಿದೇಬಿಟ್ಟ. ಅವರ ಹೆಂಡತಿಯ ಚಿಕ್ಕಪ್ಪನ ಮಗ ಬಸವರಾಜ, ಅಲ್ಲಿನ ಒಂದು ಕಾಲೇಜಿನಲ್ಲಿ ಮೇಷ್ಟ್ರು. ಕೈ ತೊಳೆಯುವ ಮೊದಲೇ ಡಾಕ್ಟರು ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಸುಮಂಗಲಾ ಒಳಗೆ ಪಾತ್ರೆ ತೊಳೆಯಲು ಡಾಕ್ಟರ ಹೆಂಡತಿಗೆ ನೆರವಾಗುತ್ತಿದ್ದಳು.

“ಅಣ್ಣಾರ, ಹೋಟೆಲ್ ಯಾಕರೀ, ನಮ್ಮ ಮನಿ ಇಲ್ಲೇನು?” ಎಂದ ಬಸವರಾಜ. “ಬರೂಮುಂದ ಒಂದೀಟು ಜ್ವಾಳದ ಹಿಟ್ಟು ತಗೊಂಡು ಬರ್ರಿ. ವೈನ್ಯಾರ ಕೈಯಾಗಿನ ಬಿಸಿ ರೊಟ್ಟಿ ತಿಂದ್ರ ನಮ್ಮ ಜನ್ಮ ಸಾರ್ಥಕ ಆಗ್ತದ.”

ಅವನ ಹೆಂಡತಿ ಬೆಂಗಳೂರಿನವರಂತೆ, ರೊಟ್ಟಿ ಬಾರದಂತೆ. ಅವನು ವೈನಿ, ಅಂದರೆ ಅತ್ತಿಗೆ, ಎಂದು ಕರೆದ ನನ್ನ ಹೆಂಡತಿಯ ಹೆಸರು ಅವನಿಗೆ ಗೊತ್ತಿರಲಿಲ್ಲ, ಮುಖ ನೋಡಿರಲಿಲ್ಲ, ಆದರೆ ಅವಳ ರೊಟ್ಟಿಯ ಪರಿಚಯ ಹಳೆಯದೆನ್ನುವಂತೆ ಮಾತಾಡಿದ. ನನಗೋ ಎದೆ ಉಬ್ಬಿತು. ಏಳು ಸಮುದ್ರದಾಚೆ ಅಣ್ಣಾರ ಅನ್ನುವವನೊಬ್ಬ ಸಿಕ್ಕಿದನಲ್ಲ! ಆಗಲಿ ಎಂದುಬಿಟ್ಟೆ. ಸೋಮವಾರ ಹೋಟೆಲಿನ ಕೋಣೆ ರದ್ದು ಮಾಡಿಸಿ, ಸಂಜೆ ಮನೆಗೆ ಬಂದು ದೊಡ್ಡ ಕಾರುಬಾರು ಮಾಡಿದವನ ಹಾಗೆ ಸುಮಂಗಲಾಳಿಗೆ ವರದಿ ಒಪ್ಪಿಸಿದೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಎರಡು ಮಾತಾಡಿ ಗೆಲ್ಲುತ್ತಿದ್ದೆನೇನೋ. ಬಣ್ಣದ ಪುಸ್ತಕ ತೆಗೆದು ಆ ಕುರ್ಚಿಯ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದಳು. ಅವಳ ಕಣ್ಣು ತುಂಬಿದ್ದನ್ನು ಕಂಡು ನನಗೆ ನಾಚಿಕೆಯಾಯಿತು.

“ನಮ್ಮ ಮಂದಿ ಯಾರೂ ಇಲ್ಲಂತನ ನಾ ಅಲ್ಲಿಗೆ ಹೂಂ ಅಂದಿದ್ದೆ. ಅಲ್ಲೂ ಹುಡುಕಿ ತಗದ್ರಿ” ಎಂದಳು. ಆಮೇಲೆ ಕಣ್ಣೊರೆಸಿಕೊಂಡು, “ಆತು, ಕೊಟ್ಟ ಮಾತು ತಪ್ಪಬ್ಯಾಡ್ರಿ. ನೀವು ನಿಮ್ಮ ಮಂದಿ ಮನ್ಯಾಗ ಇರ್ರಿ. ನಾನೂ ಕೂಸೂ ಹೋಟೆಲ್‌ನ್ಯಾಗ ಇರ್ತೀವಿ. ಅವರಿಗೆ ರೊಟ್ಟಿ ಬೇಕಲ್ಲ, ನೀವ ಬಡೀರಿ” ಎಂದಳು.

ಚೇಷ್ಟೆ ಎಂದುಕೊಂಡೆ. ಮರುದಿನ ಅವಳೇ ಪ್ರವಾಸದ ಅಂಗಡಿಗೆ ಹೋಗಿ, ತನ್ನ ಹರುಕುಮುರುಕು ಜರ್ಮನಿನಲ್ಲೇ ಒಬ್ಬ ಹೆಂಗಸು, ಒಂದು ಮಗು, ಸಮುದ್ರದ ಕಡೆಯ ಕೋಣೆ ಎಂದು ಹಿಡಿಸಿಕೊಂಡು ಬಂದಳು. ವಾಲ್‌ಡಾರ್ಫಿನಲ್ಲಿ ನಾನು ಇಂಗ್ಲಿಷಿನಲ್ಲೇ ದಿನ ದೂಡುತ್ತಿದ್ದಾಗ ಅವಳು ಇಷ್ಟನ್ನು ಯಾವಾಗ ಕಲಿತಳೋ ನನಗೆ ತಿಳಿಯದು.

ಅಂದಿನಿಂದ ನನ್ನ ತರಬೇತಿ ಶುರುವಾಯಿತು. ರೊಟ್ಟಿ ಬಡಿಯುವುದು ದೂರದಿಂದ ಸಂಗೀತದ ಹಾಗೆ ಕೇಳುತ್ತದೆ; ನನ್ನ ಕೈಯಲ್ಲಿ ಅದು ಬರೀ ಬಡಿತ. ನಡುವೆ ಹರಿಯಿತು, ಅಂಚು ಸೀಳಿತು, ಎತ್ತಿದರೆ ಅರ್ಧ ಕೈಗೆ ಬಂತು, ಅರ್ಧ ಹಲಗೆಯಲ್ಲೇ ಉಳಿಯಿತು. ಒಂದು ಭಾನುವಾರ ಮಧ್ಯಾಹ್ನ, ಜರ್ಮನಿಯಲ್ಲಿ ಗುಂಡುಸೂಜಿಯೂ ಸದ್ದು ಮಾಡಿ ಬೀಳಬಾರದ ವೇಳೆಯಲ್ಲಿ, ಬಾಗಿಲ ಗಂಟೆ ಹೊಡೆದುಕೊಂಡಿತು. ಕೆಳಮನೆಯ ಮುದುಕಿ ಫ್ರಾವ್ ಹೋಫ್‌ಮನ್ ನಿಂತಿದ್ದರು. ಭಾನುವಾರ ಇಷ್ಟು ಹೊತ್ತಿನಿಂದ ಏನು ಬಡಿಯುತ್ತಿದ್ದೀರಿ ಎಂದು ಕೇಳಿದರು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ನನಗೆ ಬೇರೆ ಜರ್ಮನ್ ಪದ ಹೊಳೆಯಲಿಲ್ಲ.

“ಉರ್ಲೌಬ್” ಎಂದೆ.

ಅವರು ನನ್ನನ್ನು ನೋಡಿದರು. ನನ್ನ ಹೆಗಲ ಮೇಲಿಂದ ಒಳಗೆ, ಸೋಫಾದಲ್ಲಿ ಕಾಲು ಚಾಚಿ, ಕೈಯಲ್ಲಿ ಏನೂ ಇಲ್ಲದೆ ಕೂತಿದ್ದ ಸುಮಂಗಲಾಳನ್ನು ನೋಡಿದರು. ಹೆಂಡತಿಯವರ ಉರ್ಲೌಬ್ ಆಗಲೇ ಶುರುವಾದಂತಿದೆ ಎಂದು ನಕ್ಕು, ಕೆಳಗಿಳಿದು ಹೋದರು. ನನ್ನದು ಒಳಗೆ ಹಂಚಿನ ಮೇಲೆ ಹೊತ್ತುತ್ತಿತ್ತು.