ನಕ್ಷತ್ರಕ್ಕೆ ತೆರೆದು ನನ್ನ ಹೆಂಡತಿಗೆ ತೆರೆಯದ ಗಾಜಿನ ಬಾಗಿಲಿಗೆ

ಕಡಲ ಕಡೆಗೆ ಮುಖ ಮಾಡಿ ನಿಂತಿರುವ, ತಾನೇ ತೆರೆದು ತಾನೇ ಮುಚ್ಚಿಕೊಳ್ಳುವ ಗಾಜಿನ ಬಾಗಿಲಿನ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ನನ್ನ ಕೈಯಲ್ಲಿ ಕಾಗದ ಬರೆಸುವುದೂ ಬೆಕ್ಕಿಗೆ ಸ್ನಾನ ಮಾಡಿಸುವುದೂ ಒಂದೇ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ತಮ್ಮ ವಸತಿಗೃಹದ ಮ್ಯಾನೇಜರು "ಕ್ಷಮಾಪಣೆ ಬರೆದು ಕಳಿಸಿ, ಇಲ್ಲಾಂದ್ರೆ ಇನ್ಮೇಲೆ ನಿಮಗೆ ರೂಮಿಲ್ಲ" ಎಂದಿದ್ದಾರೆ, ಮಗಳು "ಎರಡು ಸಾಲು ಗೀಚಿ ಬಿಸಾಕಪ್ಪಾ" ಎಂದು ಪೆನ್ನು ತಂದು ಮುಂದಿಟ್ಟಿದ್ದಾಳೆ. ನನಗೂ ಮ್ಯಾನೇಜರಿಗೂ ಜಗಳವೇ ಇಲ್ಲ. ಇರುವುದೆಲ್ಲ ನನಗೂ ತಮಗೂ. ಆದ್ದರಿಂದ ನೇರವಾಗಿ ತಮಗೇ ಬರೆಯುತ್ತಿದ್ದೇನೆ. ಇದನ್ನು ತಮ್ಮ ಗಾಜಿಗೇ ಅಂಟಿಸಬೇಕು, ಹೋಗಿ ಬರುವವರೆಲ್ಲ ಓದಲಿ.

ನಾನು ಬಡಗಿ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟು ಉಳಿ ಹಿಡಿದವನು, ಐವತ್ತು ವರ್ಷ ಬಾಗಿಲನ್ನೇ ಮಾಡಿದ್ದೇನೆ. ಮಳೆಗೆ ಉಬ್ಬುವ ಬಾಗಿಲು, ಕಿರುಗುಟ್ಟುವ ಬಾಗಿಲು, ಚಿಲಕದ ಜೊತೆ ಹೊಂದಿಕೊಳ್ಳದ ಬಾಗಿಲು ಎಲ್ಲವನ್ನೂ ಕಂಡಿದ್ದೇನೆ. ಆದರೆ ಎದುರು ನಿಂತವರನ್ನು ಅಳೆದು ನೋಡಿ, ಇವರನ್ನು ಬಿಡಬೇಕೋ ಬೇಡವೋ ಎಂದು ತಾನೇ ತೀರ್ಮಾನ ಮಾಡುವಷ್ಟು ಬುದ್ಧಿವಂತ ಬಾಗಿಲನ್ನು ಕಂಡದ್ದು ತಮ್ಮಲ್ಲೇ ಮೊದಲು.

ಕ್ರಿಸ್‌ಮಸ್‌ಗೆ ನಾಲ್ಕು ದಿನ ಮುಂಚೆ, ಜನ ಮುತ್ತಿಕೊಳ್ಳುವ ಮೊದಲೇ ಹೋಗಿ ಬರೋಣವೆಂದು ನಾವಿಬ್ಬರೂ ಮೂರು ದಿನಕ್ಕೆ ಬಂದೆವು. ಜನವರಿ ಹನ್ನೆರಡಕ್ಕೆ ನನ್ನ ಹೆಂಡತಿಗೆ ಮಂಡಿ ಆಪರೇಷನ್. ಅದಕ್ಕೆ ಮೊದಲು ಒಂದೇ ಒಂದು ಸಲ ಸಮುದ್ರದಲ್ಲಿ ಕಾಲಿಡಬೇಕು ಎಂದಳು. ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಎರಡೇ. ಒಂದು, ಅಡುಗೆಮನೆಗೆ ಕಪಾಟು. ಇನ್ನೊಂದು, ಇದು. ಕಪಾಟು ಇನ್ನೂ ಆಗಿಲ್ಲ.

ರಸ್ತೆ ಕಡೆಯ ಬಾಗಿಲಿಗೆ ಹದಿನಾಲ್ಕು ಮೆಟ್ಟಿಲು, ಬಂದ ದಿನ ಅವಳನ್ನು ಹತ್ತಿಸುವುದಕ್ಕೇ ಅರ್ಧ ಗಂಟೆ ಹಿಡಿದಿತ್ತು. ಮೆಟ್ಟಿಲಿಲ್ಲದೆ ಇಳಿಜಾರಿನಲ್ಲಿ ಮರಳಿಗೆ ಇಳಿಸುವ ದಾರಿ ತಮ್ಮದೊಂದೇ. ಅವಳೋ ನಾಲ್ಕೂವರೆ ಅಡಿ, ಅದರಲ್ಲೂ ವಾಕರ್ ಮೇಲೆ ಬಗ್ಗಿಕೊಂಡು ನಡೆಯುವವಳು. ಅವಳು ಬಂದು ನಿಂತರೆ ತಾವು ಗುಂಡುಕಲ್ಲು. ನಾನು ತೋಳೆತ್ತಿ ಬೀಸಿದರೆ ಉದಾರವಾಗಿ ತೆರೆಯುತ್ತಿದ್ದಿರಿ, ಅವಳು ಎರಡು ಹೆಜ್ಜೆ ಇಡುವಷ್ಟರಲ್ಲಿ ಮುಚ್ಚಿಕೊಳ್ಳುತ್ತಿದ್ದಿರಿ. ನಡುವೆ ನಿಂತು ತಡೆಯಲು ಹೋದ ನನ್ನ ಭುಜಕ್ಕೆ ಎರಡು ಸಲ ಗುದ್ದಿ ಮರ್ಯಾದೆ ಮಾಡಿದಿರಿ. "ರೀ, ನಾನು ಅದರ ಕಣ್ಣಿಗೇ ಬೀಳ್ತಿಲ್ಲ ಕಣ್ರೀ" ಎಂದು ಮೊದಲ ದಿನ ನಕ್ಕಳು. ಎರಡನೇ ದಿನ ನಗಲಿಲ್ಲ.

ಆ ದಿನವೆಲ್ಲ ಎದುರಿನ ಕುರ್ಚಿಯಲ್ಲಿ ಕೂತು ತಾವು ತೆರೆದದ್ದನ್ನು ಎಣಿಸಿದಳು. ಹಬ್ಬಕ್ಕೆಂದು ಕಟ್ಟಿದ್ದ ಕಾಗದದ ನಕ್ಷತ್ರ ಗಾಳಿಗೆ ತೂಗಿದಾಗ ಮೂವತ್ತೆಂಟು ಸಲ, ಬಲೂನಿಗೆ ಎರಡು ಸಲ, ಪಾರಿವಾಳಕ್ಕೆ ಒಂದು ಸಲ. ಅವಳಿಗೆ ಸೊನ್ನೆ. ನಕ್ಷತ್ರ ಕಟ್ಟುವವರ ಏಣಿ ತಗಲಿ, ಬಂದವರನ್ನು ಗುರುತಿಸುವ ತಮ್ಮ ನೆತ್ತಿಯ ಕರೆಂಟಿನ ಕಣ್ಣು ಮೇಲಕ್ಕೆ ತಿರುಗಿತ್ತು, ಅದು ನನಗೂ ಕಾಣುತ್ತಿತ್ತು. ನೆಲದ ಮೇಲೆ ನಡೆಯುವವರನ್ನು ಬಿಟ್ಟು ಆಕಾಶದಲ್ಲಿ ತೂಗುವವರನ್ನೇ ಬರಮಾಡಿಕೊಳ್ಳುವ ತಮ್ಮ ಉನ್ನತ ದೃಷ್ಟಿಗೆ ಯಾರು ತಾನೇ ತಲೆಬಾಗುವುದಿಲ್ಲ! ಮ್ಯಾನೇಜರನ್ನು ಕೇಳಿದರೆ, "ಮೆಕ್ಯಾನಿಕ್ ಹಬ್ಬ ಮುಗಿದ ಮೇಲೇ ಬರೋದು ಯಜಮಾನ್ರೇ, ಅಲ್ಲೀತನಕ ಅಮ್ಮಾವ್ರು ಒಂಚೂರು ನೆಟ್ಟಗೆ ನಡೀಲಿ" ಎಂದರು.

ನಾನೊಂದು ಶಿಸ್ತು ಇಟ್ಟುಕೊಂಡವನು. ಕರೆಂಟಿನ ಕೆಲಸ ಕರೆಂಟಿನವರದು, ತಮ್ಮ ಕಣ್ಣಿಗೆ ನಾನು ಕೈ ಹಚ್ಚುವುದಿಲ್ಲ. ಆದರೆ ಬಾಗಿಲು ನನ್ನ ಕೆಲಸ. ಮೂರನೇ ದಿನ ಬೆಳಿಗ್ಗೆ ಸ್ವಿಚ್ ಆರಿಸಿ, ಪಕ್ಕದ ರೂಮಿನ ಲಾರಿ ಡ್ರೈವರನ್ನು ಇನ್ನೊಂದು ತುದಿಗೆ ನಿಲ್ಲಿಸಿಕೊಂಡು, ತಮ್ಮನ್ನು ಹಳಿಯಿಂದ ಎತ್ತಿ, ಮಡಿಸಿದ ಎರಡು ಟವೆಲ್ ಮೇಲೆ ಗೋಡೆಗೆ ಒರಗಿಸಿದೆ. ಒಂದು ಗೀರು ಬಿದ್ದಿದ್ದರೆ ತೋರಿಸಿ!

ಅವಳು ಎಲ್ಲೂ ನಿಲ್ಲದೆ ನಡೆದು ಹೋದಳು. ಯಾರ ಎತ್ತರವನ್ನೂ ಅಳೆಯದೆ ಸಮುದ್ರ ತಾನಾಗಿಯೇ ಅವಳ ಕಾಲ ಹತ್ತಿರ ಬಂತು. ಅದಕ್ಕೆ ಕರೆಂಟೂ ಬೇಕಾಗಲಿಲ್ಲ, ಮೆಕ್ಯಾನಿಕ್ಕೂ ಬೇಕಾಗಲಿಲ್ಲ. ಇಪ್ಪತ್ತು ನಿಮಿಷ ನನ್ನ ತೋಳು ಹಿಡಿದು ನಿಂತಿದ್ದಳು. ಅಷ್ಟರಲ್ಲಿ "ಬಾಗಿಲೆಲ್ಲಿ ಯಜಮಾನ್ರೇ?" ಎಂದು ಮ್ಯಾನೇಜರು ಓಡಿ ಬಂದರು. "ಸ್ವಲ್ಪ ಒರಗಿ ಸುಧಾರಿಸಿಕೊಳ್ತಿದೆ, ಎಬ್ಬಿಸಬೇಡಿ" ಎಂದೆ. ಆಮೇಲೆ ನಾನೇ ಕೂರಿಸಿಯೂ ಕೊಟ್ಟೆ. ಕ್ಷಮಾಪಣೆ ಕೇಳುವಂಥದ್ದು ಇದರಲ್ಲಿ ಎಲ್ಲಿದೆ ಎಂದು ತಾವೇ ಹುಡುಕಿ ಹೇಳಬೇಕು.

ಎರಡು ವಿನಂತಿಗಳಿವೆ. ಆಪರೇಷನ್ ಕೋಣೆಗೂ ತಮ್ಮ ಬಳಗದವರೇ ಬಾಗಿಲಾಗಿದ್ದಾರಂತೆ. ಗಿಡ್ಡ ಹೆಂಗಸೊಬ್ಬಳು ಬರುತ್ತಾಳೆ, ಕಣ್ಣು ಕೆಳಗಿರಲಿ ಎಂದು ಅವರಿಗೊಂದು ಮಾತು ಹೇಳಿಡಿ. ಬಿಡುವಾದಾಗ ನಮ್ಮ ಮನೆಗೆ ಬಂದು ನಾಲ್ಕು ದಿನ ಇದ್ದು, ಯಾರು ತಳ್ಳಿದರೂ ತೆರೆಯುವ ನಮ್ಮ ಮರದ ಬಾಗಿಲಿನಿಂದ ಕಲಿತುಕೊಂಡು ಹೋಗಿ.

ತೆರೆದಿರುವಷ್ಟು ಹೊತ್ತು ಮಾತ್ರ ತಮ್ಮ ವಿಶ್ವಾಸಿ,
ಹನ್ನೊಂದನೇ ನಂಬರ್ ರೂಮಿನ ಬಡಗಿ

ತಾ.ಕ.: ಊರಿಗೆ ಬಂದ ಮರುದಿನವೇ ಕಪಾಟಿನ ಕೆಲಸ ಶುರು ಮಾಡಿದ್ದೇನೆ. ಅದಕ್ಕೆ ಬಾಗಿಲು ಮಾತ್ರ ಬೇಡವೇ ಬೇಡ ಎಂದಿದ್ದಾಳೆ. ಮಂಡಿ ನೆಟ್ಟಗಾದ ಮೇಲೆ ಮತ್ತೆ ಸಮುದ್ರಕ್ಕೆ ಹೋಗಬೇಕಂತೆ. ತಾವು ತೆರೆಯುತ್ತೀರೋ, ನಾನು ಸ್ಕ್ರೂಡ್ರೈವರ್ ತರಲೋ? ಜನವರಿ ಹತ್ತರೊಳಗೆ ಉತ್ತರ ಬರಬೇಕು.