ಗಿರಣಿ ಮುಂದೆ ನಿಂತಿದ್ದ ನನ್ನ ಕಾರನ್ನು ಸವರಿಕೊಂಡು ಹೋದ ಟ್ರೇಲರಿಗೆ

ಮಾನ್ಯ ಟ್ರೇಲರ್ ಅವರೇ,

ಅಣ್ಣಿಗೇರಿಯಿಂದ ಶೈಲಾ ಮಾಡುವ ಅನಂತ ನಮಸ್ಕಾರಗಳು. ತಾವು ಈಗ ಯಾವ ಊರಲ್ಲಿದ್ದರೂ, ಯಾರ ಟ್ರ್ಯಾಕ್ಟರಿನ ಬೆನ್ನಿಗೆ ಇದ್ದರೂ, ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಅಂದು ತಮಗೆ ಒಂದು ಗೀರೂ ಬೀಳಲಿಲ್ಲವೆಂಬುದನ್ನು ಕಣ್ಣಾರೆ ಕಂಡವಳು ನಾನು.

ತಮಗೆ ನೆನಪಿರಲಾರದು, ಆದ್ದರಿಂದ ನಾನೇ ಹೇಳುತ್ತೇನೆ. ಹೋದ ತಿಂಗಳು ಒಂದು ರವಿವಾರ ಮುಂಜಾನೆ ನಾನು ಕಾರನ್ನು ರಸ್ತೆ ಬಿಟ್ಟು ಹಿಟ್ಟಿನ ಗಿರಣಿಯ ಮುಂದೆ ನಿಲ್ಲಿಸಿ, ಜೋಳದ ಡಬ್ಬಿಯೊಂದಿಗೆ ಒಳಗೆ ಪಾಳಿಗೆ ನಿಂತಿದ್ದೆ. ತಾವು ಮೈತುಂಬ ಕಡ್ಲಿ ಹೊಟ್ಟು ಹೇರಿಸಿಕೊಂಡು, ಹಿಂದೆ ದೀಪವಿಲ್ಲದೆ, ನಂಬರ್ ಫಲಕದ ಹಂಗೂ ಇಲ್ಲದೆ ಬಂದು, ನನ್ನ ಕಾರಿನ ಎಡಗಡೆಯ ಎರಡೂ ಬಾಗಿಲುಗಳನ್ನು ಒಳಗೆ ಒತ್ತಿ, ಕನ್ನಡಿಯನ್ನು ಕಿತ್ತುಕೊಂಡು ಮುಂದೆ ಸಾಗಿದಿರಿ. ತಮ್ಮ ಬೆನ್ನ ಮೇಲೆ ‘ಅಂತರ ಕಾಯ್ದುಕೊಳ್ಳಿ’ ಎಂದು ಬರೆದಿದ್ದನ್ನು ನಾನು ಓಡಿಬಂದು ಓದಿದೆ. ಕಾರಿಗೆ ಅಕ್ಷರ ಬಾರದಿದ್ದುದು ನಮ್ಮದೇ ತಪ್ಪು, ಕ್ಷಮಿಸಬೇಕು.

ಇನ್ನು ವಿಮೆಯ ಮಾತು. ಏಜೆಂಟ್ ಸುಭಾಸ ತಾಳ್ಮೆಯಿಂದ ತಿಳಿಸಿಕೊಟ್ಟ. “ಅಕ್ಕಾರ, ನೀವು ಯಾರಿಗರೆ ಗುದ್ದಿದ್ರ ನಿಮ್ಮ ಕಂಪನಿ ಅವರಿಗೆ ಕೊಡತೈತ್ರಿ. ನಿಮಗ ಯಾರರೆ ಗುದ್ದಿದ್ರ ಅವರ ಕಂಪನಿ ನಿಮಗ ಕೊಡಬೇಕ್ರಿ” ಎಂದ. ಗುದ್ದಿದವರಿಗೆ ಕಂಪನಿಯೇ ಇಲ್ಲದಿದ್ದರೆ ಎಂದು ಕೇಳಿದೆ. ಆಗ ನಮ್ಮ ಗಾಡಿಯ ಹಾನಿಗೆ ನಾವೇ ಬೇರೆಯಾಗಿ ಮಾಡಿಸಿಟ್ಟ ವಿಮೆ ಕೈ ಹಿಡಿಯುತ್ತದಂತೆ, ಅದೂ ಇಲ್ಲದಿದ್ದರೆ ಗುದ್ದಿದವರ ಮೇಲೆ ದಾವೆ ಹೂಡಿ ವಸೂಲಿ ಮಾಡಿಕೊಳ್ಳಬೇಕಂತೆ. ಆ ಬೇರೆ ವಿಮೆ ನಮಗೆ ಮೊದಲು ಇತ್ತು. ಈ ಸಲ ವಿಮೆ ತುಂಬಲು ಹೋದ ನನ್ನ ಯಜಮಾನರಾದ ಗೌರೀಶ ಅವರು, “ನಾವು ನೆಟ್ಟಗ ಇದ್ರ ನಮಗ್ಯಾರು ಬಂದು ಗುದ್ದತಾರ” ಎಂದು ಅದನ್ನು ತೆಗೆಸಿ, ಕಾನೂನು ಬಿಡದೆ ಕಟ್ಟಿಸುವಷ್ಟನ್ನು ಮಾತ್ರ ಕಟ್ಟಿ ಬಂದಿದ್ದರು.

ಹೀಗಾಗಿ ನನ್ನದೊಂದು ವಿನಂತಿ. ತಾವು ದಯವಿಟ್ಟು ಮತ್ತೊಮ್ಮೆ ಅದೇ ಗಿರಣಿಯ ಮುಂದೆ ಬಂದು ಸುಮ್ಮನೆ ನಿಲ್ಲಬೇಕು, ನಾನು ಬಂದು ತಮಗೆ ಗುದ್ದುತ್ತೇನೆ. ವಿಮೆಯಿಲ್ಲದ ತಮಗೆ ನನ್ನ ಕಂಪನಿಯವರು ಮರ್ಯಾದೆಯಿಂದ ಪರಿಹಾರ ಕೊಡುತ್ತಾರೆ. ವಿಮೆ ಕಟ್ಟಿದ ನನಗೆ ಆ ಭಾಗ್ಯವಿಲ್ಲ.

ತಮ್ಮ ಮಾಲಕರನ್ನು ಹುಡುಕಿದ ಕತೆಯೂ ಚಂದವೇ ಇದೆ. ಟ್ರ್ಯಾಕ್ಟರ್ ನಮ್ಮ ಬೀಗರಾದ ಮಡಿವಾಳೆಪ್ಪನವರದು, ಅದರ ವಿಮೆ ತೀರಿ ಯಾವ ಕಾಲವಾಯಿತೋ ಅವರಿಗೂ ನೆನಪಿಲ್ಲ. “ಟ್ರ್ಯಾಕ್ಟರ್ ನಂದು ಖರೇ, ಟ್ರೇಲರ್ ಮುಯ್ಯಿದು ಬಿಡ್ರಿ” ಎಂದರು. ನಮ್ಮ ಕಡೆ ಸುಗ್ಗಿಯಲ್ಲಿ ಇವರ ಕೆಲಸಕ್ಕೆ ಅವರು, ಅವರ ಕೆಲಸಕ್ಕೆ ಇವರು ಹೋಗುವ ಮುಯ್ಯಿಯಲ್ಲಿ ಆಳಿನ ಜೊತೆ ತಾವೂ ಸಂಶಿಯಿಂದ ನಮ್ಮೂರಿಗೆ, ನಮ್ಮೂರಿಂದ ಇನ್ನೊಂದೂರಿಗೆ ತಿರುಗುತ್ತೀರಿ. ಹೊಟ್ಟು ಹೇರುವಾಗ ತಾವು ಎಲ್ಲರವರು, ಗುದ್ದಿದ ಮೇಲೆ ಯಾರವರೂ ಅಲ್ಲ. ಇಂಥ ವೈರಾಗ್ಯ ಮಠಗಳಲ್ಲೂ ಅಪರೂಪ.

ಆದರೆ ನನಗೆ ನಿಜವಾಗಿ ಸಿಟ್ಟು ಬಂದದ್ದು ತಮ್ಮ ಮೇಲಲ್ಲ. ಮರುದಿನ ಮಡಿವಾಳೆಪ್ಪನವರು ಒಂದು ಚೀಲ ಕಡ್ಲಿ ಹೊರಿಸಿಕೊಂಡು ಬಂದರು, ಯಜಮಾನರು ಇಳಿಸಿಕೊಂಡರು, ಬೀಗರ ನಡುವೆ ಪೊಲೀಸು ಯಾಕೆಂದು ಇಬ್ಬರೂ ಕೂತು ರಾಜಿ ಮುಗಿಸಿದರು. ನನ್ನ ಹೆಸರಿನ ಕಾರು, ನನ್ನ ಪಗಾರದ ಕಾರು, ಅದರ ರಾಜಿಗೆ ನನ್ನನ್ನು ಕರೆದದ್ದು ಚಹಾ ತರಲಿಕ್ಕೆ ಮಾತ್ರ. “ಹೆಣ್ಮಕ್ಕಳು ಗಾಡಿ ಹೊಡದ್ರ ಹಿಂಗ ಆಗೂದು, ಮಾರಿಬಿಡೂಣು” ಎಂಬ ತೀರ್ಮಾನವೂ ಅಲ್ಲೇ ಆಯಿತು. ಗಾಡಿ ಹೊಡೆಯುತ್ತಿದ್ದವರು ಯಾರು, ನಿಂತಿದ್ದ ಗಾಡಿ ಯಾವುದು ಎಂದು ಯಾರೂ ಕೇಳಲಿಲ್ಲ.

ನಲವತ್ತೆಂಟರ ವಯಸ್ಸಿನಲ್ಲಿ, ಊರೆಲ್ಲ ನಗುವಾಗ, ಹಲ್ಲು ಕಚ್ಚಿ ಕಾರು ಕಲಿತವಳು ನಾನು. ನವಲಗುಂದದ ಕಡೆಯ ಹಳ್ಳಿಯ ಶಾಲೆಯಲ್ಲಿ ಗಣಿತ ಹೇಳುತ್ತೇನೆ. ಕಾರು ಬರುವ ಮೊದಲು, ಬಸ್ಸು ಬಂದರೆ ಬಂತು ಎಂಬ ಬಾಳು ನನ್ನದು. ಅದಕ್ಕೆ ಮರಳಲು ನನಗೆ ಮನಸ್ಸಿಲ್ಲ, ಇದನ್ನು ಸುತ್ತಿ ಬಳಸಿ ಹೇಳುವುದೂ ಬೇಡ. ಕಡ್ಲಿಯನ್ನು ಬೀಗರ ಮನೆಗೆ ವಾಪಸು ಕಳಿಸಿ, ಸ್ಟೇಶನ್ನಿಗೆ ಹೋಗಿ ನಾನೇ ದೂರು ಕೊಟ್ಟೆ. ಯಾರ ಗಾಡಿ ಎಂದು ಕೇಳಿದಾಗ “ನಂದ್ರಿ” ಎಂದೆ. ದಾವೆಯನ್ನೂ ಹೂಡುತ್ತೇನೆ. ಬಾಗಿಲು ರಿಪೇರಿಯಾಗಿವೆ, ಪೂರ್ತಿ ವಿಮೆಯನ್ನೂ ಮಾಡಿಸಿದ್ದೇನೆ. ಕೀಲಿ ನನ್ನ ಪರ್ಸಿನಲ್ಲಿದೆ.

ತಾವೂ ಒಂದು ನಂಬರು, ಒಂದು ಕೆಂಪು ದೀಪ, ಒಬ್ಬ ಮಾಲಕ ಇಷ್ಟನ್ನು ಸಂಪಾದಿಸಿಕೊಂಡು ಸಂಸಾರಸ್ಥರಾಗಬೇಕೆಂದು ಹಾರೈಸುವ,

ಒಂದು ಕನ್ನಡಿಯಷ್ಟು ಬಡವಳಾದ
ತಮ್ಮ ವಿಶ್ವಾಸಿ,
ಶೈಲಾ

ತಾ.ಕ.: ಕಾರು ಮಾರುವ ಮಾತನ್ನು ಯಜಮಾನರು ಈಗ ಬಿಟ್ಟಿದ್ದಾರೆ. ನಿನ್ನೆ ಸುಭಾಸನಿಗೆ ಫೋನು ಹಚ್ಚಿ, ನನ್ನ ಬಾಜು ಸೀಟಿನಲ್ಲಿ ಕೂತವರಿಗೂ ವಿಮೆ ಇರುತ್ತದೆಯೇ ಎಂದು ಮೆಲ್ಲಗೆ ವಿಚಾರಿಸುತ್ತಿದ್ದರು. ಇರುತ್ತದಂತೆ, ಆದರೆ ಅದನ್ನು ಗಾಡಿಯ ಮಾಲಕರು ಬೇರೆಯಾಗಿ ಮಾಡಿಸಬೇಕಂತೆ. ವಿಚಾರ ಮಾಡಿ ಹೇಳುತ್ತೇನೆ ಎಂದಿದ್ದೇನೆ.