ನಾನು ಎತ್ತದ ಗುಂಡುಕಲ್ಲು

ದೊಡ್ಡ ಸುಳ್ಳು ಹೇಳುವ ಧೈರ್ಯ ನನಗಿಲ್ಲ. ಆದರೆ ಮಕ್ಕಳೆದುರು ಹೇಳುವ ಸಣ್ಣಪುಟ್ಟ ಸುಳ್ಳುಗಳನ್ನು ನಮ್ಮಂಥ ಅಪ್ಪಂದಿರು ಸುಳ್ಳೆಂದೇ ತಿಳಿಯುವುದಿಲ್ಲ. ನನ್ನದು ಅಂಥದ್ದು ಒಂದಿತ್ತು. ಮೊಳಕಾಲ್ಮುರು ಕಡೆ, ಸಿದ್ದಾಪುರದ ಹತ್ತಿರ, ನಮ್ಮವ್ವನ ತವರೂರಿದೆ. ಅಲ್ಲಿಯ ಆಂಜನೇಯನ ಗುಡಿ ಮುಂದೆ ಒಂದು ಗುಂಡುಕಲ್ಲು ಬಿದ್ದಿದೆ. ಅದನ್ನು ಭುಜಕ್ಕೇರಿಸಿದವನ ತಲೆಗೆ ಊರ ಹಿರಿಯರು ಹೊಸ ಟವಲ್ಲು ಸುತ್ತುತ್ತಾರೆ; ಅಂದಿನಿಂದ ಅವನು ಗಂಡಸರಲ್ಲಿ ಒಬ್ಬ. ಹದಿನೈದಕ್ಕೇ ನಾನು ಆ ಟವಲ್ಲು ಸುತ್ತಿಸಿಕೊಂಡೆನೆಂದು ಮಗ ಮಂಜನಿಗೆ ಹೇಳಿಬಿಟ್ಟಿದ್ದೆ. ನಿಜವೇನೆಂದರೆ, ಆ ಕಲ್ಲು ನನ್ನ ಕೈಗೆ ಅಲ್ಲಾಡಲೇ ಇಲ್ಲ.

ತಮಾಷೆಯೆಂದರೆ ನಾನು ಚಳ್ಳಕೆರೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ಈಗ ಮೀಸೆ ಚಿಗುರದ ಹುಡುಗರೂ ಮೊಬೈಲ್ ನೋಡಿಕೊಂಡು ಒಂದೇ ತಿಂಗಳಲ್ಲಿ ತೋಳು ಉಬ್ಬಿಸಲು ಹೊರಡುತ್ತಾರೆ. ಅವರನ್ನು ಸಾಲಾಗಿ ನಿಲ್ಲಿಸಿ ಮಾಡುವ ಉಪದೇಶ ನನಗೆ ಬಾಯಿಪಾಠ. ಮೊದಲು ದಂಡ, ಬೈಠಕ್ಕು ಸರಿಯಾಗಿ ಬರಲಿ, ನಿಮ್ಮ ಮೈಭಾರವೇ ಸದ್ಯಕ್ಕೆ ಸಾಕು. ಆಮೇಲೆ ಹಗುರ ತೂಕ, ಅದೂ ಬಲ್ಲವರ ಎದುರಿಗೆ. ನಡುವೆ ಒಂದು ದಿನ ಮೈಗೆ ರಜೆ ಕೊಡಿ. ಡಬ್ಬಿಯ ಪ್ರೋಟೀನ್ ಪುಡಿಗೆ ಕೈ ಹಾಕಬೇಡಿ, ಮುದ್ದೆ, ಕಾಳಿನ ಸಾರು, ಮೊಟ್ಟೆ, ಒಂದು ಹಿಡಿ ಶೇಂಗಾ ತಿಂದು ಕಣ್ತುಂಬ ನಿದ್ದೆ ಮಾಡಿ ಎನ್ನುತ್ತೇನೆ. ಆಗ ನನ್ನ ಹೊಟ್ಟೆ ಅಂಗಿಯ ಗುಂಡಿಗಳನ್ನು ಜಗ್ಗುತ್ತಿರುತ್ತದೆ. ಪಾಪ, ಹುಡುಗರು ನಗುವುದಿಲ್ಲ. ಅದೇ ಸಾಲಿನಲ್ಲಿ ಮಂಜನೂ ನಿಂತು ಎಲ್ಲ ಕೇಳಿದ್ದ. ಶಾಲೆಯ ಉಪದೇಶಕ್ಕಿಂತ ಮನೆಯ ಜಂಬ ಅವನ ತಲೆಗೆ ಬೇಗ ಹತ್ತೀತೆಂದು ನನಗೆ ಹೊಳೆಯಲಿಲ್ಲ.

ದಸರಾ ರಜೆಗೆ ಅವನು ಆ ಊರಿಗೆ, ನಮ್ಮ ಸೋದರಮಾವನ ಮನೆಗೆ ಹೋದ. ಮೂರನೆಯ ದಿನ ಮಾವ ಫೋನು ಮಾಡಿದರು. ಆಂಧ್ರ ಗಡಿಯ ಕಡೆಯವರು, ಗಾಬರಿಯಾದರೆ ತೆಲುಗು ಮೊದಲು ಬರುತ್ತದೆ. "ನಡುಮು ಪಟ್ಟೇಸಿಂದಪ್ಪಾ, ಹುಡುಗನ ಸೊಂಟ ಹಿಡಕಂಡೈತೆ, ನೆಟ್ಟಗೆ ನಿಲ್ಲಾಕೆ ಆಗ್ತಿಲ್ಲ" ಎಂದರು. ಗುಂಡು ಎತ್ತಲು ಹೋಗಿದ್ದನಂತೆ. ಸಿಕ್ಕಿದ ಬಸ್ಸು ಹಿಡಿದು ಹೊರಟೆ.

ಚಳ್ಳಕೆರೆಗೆ ಕರೆತಂದು ಡಾಕ್ಟರಿಗೆ ತೋರಿಸಿದೆ. ಮೂಳೆಗೆ ಏನೂ ಆಗಿಲ್ಲ, ಸ್ನಾಯು ಜಗ್ಗಿದೆ, ಮಲಗಿ ವಿಶ್ರಾಂತಿ ತೆಗೆದುಕೊಳ್ಳಲಿ ಎಂದರು. ಬೆಳೆಯುವ ಬೆನ್ನು, ಇನ್ನೊಮ್ಮೆ ಇಂಥ ಹುಚ್ಚಾಟ ಆಡಿದರೆ ಇಷ್ಟಕ್ಕೇ ಮುಗಿಯಲಿಕ್ಕಿಲ್ಲ ಎಂದೂ ಎಚ್ಚರಿಸಿದರು. ಆ ಕಲ್ಲು ಎತ್ತು ಅಂತ ಯಾರು ಹೇಳಿದ್ದು ಎಂದು ಅವರು ಕೇಳಿದಾಗ, ನಾನು ಗೋಡೆಯ ಮೇಲಿದ್ದ ಲಸಿಕೆಯ ಪಟ್ಟಿಯನ್ನು ಬಲು ಶ್ರದ್ಧೆಯಿಂದ ಓದುತ್ತಿದ್ದೆ.

ಮನೆಗೆ ಬಂದು ಚಾಪೆಯ ಮೇಲೆ ಅಂಗಾತ ಮಲಗಿದ ಮಂಜ ಮೆಲ್ಲಗೆ ಅಂದ: "ಬ್ಯಾಸಿಗೆ ರಜಕ್ಕೆ ಮತ್ತೆ ಹೋಗ್ತೀನಪ್ಪ. ಹದಿನಾರು ತುಂಬೋದ್ರೊಳಗೆ ಎತ್ತಬೇಕು. ನೀನು ಎತ್ತಿದ್ದೆಯಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನನ್ನನ್ನೇ ನೋಡಿದಳು. ಅವಳಿಗೆ ನಿಜ ಗೊತ್ತೆಂದು ಆ ನೋಟದಿಂದಲೇ ನನಗೆ ತಿಳಿಯಿತು; ಮದುವೆಯ ಹೊಸತರಲ್ಲೇ ಸೋದರಮಾವ ಹೇಳಿರಬೇಕು. ಇಷ್ಟು ವರ್ಷ ನನ್ನ ಮಾನ ಕಾಪಾಡಿಕೊಂಡು ಬಂದಿದ್ದಾಳೆ, ಪುಣ್ಯಾತ್ಗಿತ್ತಿ. ಇನ್ನು ಮಾನ ಉಳಿಸಿಕೊಳ್ಳಲು ಹೋದರೆ ಮಗನ ಬೆನ್ನು ಉಳಿಯುವುದಿಲ್ಲ. ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

"ಲೇ ಮಂಜ, ನಾನು ಅದನ್ನ ಎತ್ತಿಲ್ಲ ಕಣೋ. ನಿನಗೆ ಸುಳ್ಳು ಹೇಳಿದ್ದೆ."

ಅವನು ಜಂತೆಯ ಕಡೆ ಕಣ್ಣು ತಿರುಗಿಸಿದ. ಬೈಯುತ್ತಾನೆ, ಇಲ್ಲವೇ ಮುಖ ತಿರುಗಿಸುತ್ತಾನೆ ಎಂದು ನಾನು ತಲೆ ತಗ್ಗಿಸಿಕೊಂಡು ಕಾದೆ.

"ಒಂಚೂರೂ ಏಳಲಿಲ್ಲೇನಪ್ಪ?"

ಅಲ್ಲಾಡಲೂ ಇಲ್ಲ ಎಂದೆ.

"ನಂದು ಮೊಣಕಾಲ ತನಕ ಬಂದಿತ್ತು" ಎಂದು ಅವನು ಕಣ್ಣು ಮುಚ್ಚಿದ. "ಹಂಗಾದ್ರೆ ಬಿಡು. ವಾಸಿ ಆದ್ಮ್ಯಾಲೆ ದಂಡ ಬೈಠಕ್ಕೇ ಹೊಡಿತೀನಿ."

ಮಗನ ಬೆನ್ನು ಉಳಿಯಿತೆಂದು ನಾನು ಆ ಆಂಜನೇಯನಿಗೆ ಕೈ ಮುಗಿಯಬೇಕಿತ್ತು. ಮುಗಿದೆ ಕೂಡ, ಸ್ವಲ್ಪ ತಡವಾಗಿ. ಅದಕ್ಕೂ ಮುಂಚೆ ನನ್ನೊಳಗೆ ಎದ್ದದ್ದು ಹೊಟ್ಟೆಕಿಚ್ಚು.